ಕೊಕ್ಕರೆ ಕಾರಿನ ಮುಂದಿನ ಸೀಟು

ಕೊಕ್ಕರೆ ಕಾರು ಮೆರೆಯುತ್ತಿದ್ದ ಕಾಲದಲ್ಲಿ ಒಂದು ಕಾರಿನ ದುಡ್ಡಿಗೆ ಒಳ್ಳೆಯ ಬೀದಿಯಲ್ಲಿ ಎರಡು ಮನೆ ಬರುತ್ತಿದ್ದವು. ಅದರ ಒಂದು ಬಾಗಿಲ ಹಿಡಿಗೆ ನಮ್ಮ ಮನೆಯ ಒಂದು ತಿಂಗಳ ದಿನಸಿ. ಬಾನೆಟ್ಟಿನ ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತಿರುತ್ತಿದ್ದ ಬೆಳ್ಳಿ ಬಣ್ಣದ ಕೊಕ್ಕರೆಗೆ ನನ್ನ ಹೊಲಿಗೆ ಯಂತ್ರ, ನನ್ನ ಗಂಡನ ಸೈಕಲ್ಲು ಎರಡೂ ಸೇರಿದಷ್ಟು ಬೆಲೆ. ಹಿಂದಿನ ಸೀಟಿನ ಲೆಕ್ಕವಂತೂ ನನಗೆ ಬಾಯಿಪಾಠ, ಅದನ್ನು ಹೊಲಿಯುತ್ತಿದ್ದವಳು ನಾನೇ. ಒಂದು ಗೀರೂ ಇಲ್ಲದ ಎಂಟು ತೊಗಲು, ಕೈಯಲ್ಲಿ ಕಟ್ಟಿದ ಸ್ಪ್ರಿಂಗು, ಅದರ ಮೇಲೆ ತೆಂಗಿನ ನಾರು, ಅದರ ಮೇಲೆ ಉಣ್ಣೆ. ಆ ಸೀಟಿಗೆ ಬೀಳುತ್ತಿದ್ದ ಖರ್ಚಿನಲ್ಲಿ ನಮ್ಮಂಥವರ ಮನೆಯ ಒಂದು ಮದುವೆ ಮುಗಿಯುತ್ತಿತ್ತು.

ಆಮೇಲೆ ಒಂದು ಕಾಲ ಬಂತು. ಅದೇ ಕೊಕ್ಕರೆ ಕೊಡೆಯ ಹಿಡಿಯ ಮೇಲೆ ಕೂತುಕೊಂಡು ರಸ್ತೆ ಬದಿಯಲ್ಲಿ ಒಂದು ಊಟದ ಬೆಲೆಗೆ ಸಿಗುತ್ತಿತ್ತು. ಚೌಕಾಶಿ ಮಾಡಿದರೆ ಇನ್ನೂ ಕಡಿಮೆ. ಹಳೆಯ ಋಣ ಎಂದು ನಾನೂ ಒಂದು ಕೊಂಡೆ. ಎರಡನೇ ಮಳೆಗೇ ಕಡ್ಡಿ ಮುರಿಯಿತು.

ಹತ್ತಿದ್ದು, ಇಳಿದದ್ದು ಹೀಗೆ. ಕಂಪನಿ ಕಟ್ಟಿದ ದೊಡ್ಡ ಯಜಮಾನರು ಮೊದಲು ಕುದುರೆಗಾಡಿಗಳಿಗೆ ಮೆತ್ತೆ, ಪರದೆ ಮಾಡಿಕೊಡುತ್ತಿದ್ದವರು. ಕುದುರೆ ಹೋಗಿ ಎಂಜಿನ್ ಬಂದಾಗ ಅವರು, "ಎಂಜಿನ್ ಯಾರು ಬೇಕಾದ್ರೂ ಮಾಡ್ಲಿ. ಹಿಂದೆ ಕೂತವನಿಗೆ ಮನೇಲೇ ಇದೀನಿ ಅನ್ನಿಸ್ಬೇಕು, ಅಷ್ಟು ನಮ್ಮ ಕೆಲಸ" ಎಂದರಂತೆ. ಕಾರ್ಖಾನೆಯಲ್ಲಿ ನಮಗೆಲ್ಲ ಅದೇ ಕಾನೂನು. ಕಾರು ಬೇಕೆಂದವರು ಒಂದು ದಿನ ಬಂದು ಮರಳಿನ ತೊಟ್ಟಿಯಲ್ಲಿ ಕೂರಬೇಕಿತ್ತು. ಒದ್ದೆ ಮರಳು, ಮೇಲೊಂದು ಮೇಣದ ಬಟ್ಟೆ. ಕೂತು ಎದ್ದರೆ ಅವರ ಆಕಾರ ಮರಳಿನಲ್ಲಿ ಅಚ್ಚೊತ್ತಿದಂತೆ ಉಳಿಯುತ್ತಿತ್ತು. ಅದನ್ನು ನೋಡಿಕೊಂಡು ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ನಾನು ಸ್ಪ್ರಿಂಗು ಕಟ್ಟುತ್ತಿದ್ದೆ. ನ್ಯಾಯಾಧೀಶರು, ಹಡಗಿನ ಮಾಲೀಕರು, ಸಿನಿಮಾ ನಟಿಯರು ಎಲ್ಲರೂ ನನಗೆ ಹಾಗೆ ಪರಿಚಯ. ಮುಖ ತೋರಿಸಿದರೆ ಮಾತ್ರ ಗುರುತು ಹತ್ತುತ್ತಿರಲಿಲ್ಲ.

ಹಾಗೆ ಕೂತು ಹೋದವರು ಕಾರಿಗಾಗಿ ಎರಡು ವರ್ಷ ಕಾಯಬೇಕಿತ್ತು. ಕಾರು ಮನೆ ಬಾಗಿಲಿಗೆ ಬರುವ ಹೊತ್ತಿಗೆ ಕೆಲವರು ತಾವೇ ಹೊರಟುಹೋಗಿರುತ್ತಿದ್ದರು. ಇನ್ನು ಕೆಲವರು ಅಷ್ಟರಲ್ಲಿ ದಪ್ಪಗಾಗಿ, ಸೀಟು ಹಿಡಿಸುತ್ತಿಲ್ಲ ಎಂದು ನಮ್ಮ ಮೇಲೇ ಹರಿಹಾಯುತ್ತಿದ್ದರು.

ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಮಗ ಕೂತರು. ಒಳ್ಳೆಯ ಮನುಷ್ಯ, ಆದರೆ ಕಾಲ ಅವರ ಕೈಹಿಡಿಯಲಿಲ್ಲ. ಪೆಟ್ರೋಲಿನ ಬೆಲೆ ಏರಿತು. ದುಡ್ಡಿದ್ದವರು ಬೇರೆ ಬೇರೆ ಕಾರು ಕೊಂಡರು. "ಜನಕ್ಕೆ ರುಚಿ ಕೆಟ್ಟಿದೆ" ಎಂದು ಮಗ ಹೇಳುತ್ತಿದ್ದರು. ನಾವೂ ತಲೆ ಆಡಿಸುತ್ತಿದ್ದೆವು. ಕೊನೆಗೆ ಅವರು ಕಂಪನಿಯನ್ನು ಒಬ್ಬ ವ್ಯಾಪಾರಿಗೆ ಮಾರಿದರು. ಆತ ಕೊಕ್ಕರೆಯನ್ನು ಕೊಡೆ, ಸೂಟ್‌ಕೇಸು, ಗಡ್ಡದ ಸಾಬೂನು ಎಲ್ಲದರ ಮೇಲೂ ಕೂರಿಸಿದ. ಒಂದು ಸಣ್ಣ ಕಾರನ್ನೂ ಮಾಡಿಸಿದ. ಬಾಗಿಲು ಹಾಕಿದರೆ ಬಿಸ್ಕತ್ತಿನ ಡಬ್ಬಿ ಬಿದ್ದ ಸದ್ದು. ಆ ಸದ್ದು ಕೇಳಿದ ದಿನ ನನ್ನ ಗಂಡ ಊಟ ಮಾಡಲಿಲ್ಲ. ಅದಾದ ಮೇಲೆ ಕಾರ್ಖಾನೆ ಬಹಳ ದಿನ ನಡೆಯಲಿಲ್ಲ. ಶೆಡ್ಡಿಗೆ ಬೀಗ ಬಿತ್ತು. ಒಳಗೆ ಅರ್ಧಕ್ಕೆ ನಿಂತ ಒಂದು ಕೊಕ್ಕರೆ ಕಾರು ಹಾಗೇ ಉಳಿಯಿತು.

ನಾನು ಮನೆಯ ಮುಂದಿನ ಕೋಣೆಯಲ್ಲಿ ಸೋಫಾ ಕವರು ಹೊಲಿಯುವ ಅಂಗಡಿ ಇಟ್ಟೆ. ಚೆನ್ನಾಗಿಯೇ ನಡೆಯಿತು. ನನಗೆ ತೊಗಲಾದರೇನು, ರೆಕ್ಸಿನ್ ಆದರೇನು, ಸೂಜಿ ಓಡಿದರೆ ಸರಿ. ಕಷ್ಟವಾದದ್ದು ನಮ್ಮ ಯಜಮಾನರಿಗೆ, ಎಂದರೆ ನನ್ನ ಗಂಡನಿಗೆ. ಅವರು ಕಾರಿಗೆ ಬಾಗಿಲು ಕೂರಿಸುತ್ತಿದ್ದವರು. ಒಂದು ಬಾಗಿಲಿಗೆ ಮೂರು ದಿನ ತೆಗೆದುಕೊಳ್ಳುತ್ತಿದ್ದರು. ಒಂದು ಬೆರಳಿನಲ್ಲಿ ತಳ್ಳಿದರೆ ಹಾಸಿಗೆಯ ಮೇಲೆ ದಿಂಬು ಬಿದ್ದ ಹಾಗೆ ಮುಚ್ಚಬೇಕು. ಶೆಡ್ಡು ಮುಚ್ಚಿದ ಮೇಲೆ ಅವರು ಮನೆ ಕಟ್ಟುವವನ ಹತ್ತಿರ ಅಡುಗೆಮನೆ ಕಪಾಟುಗಳಿಗೆ ಬಾಗಿಲು ಹಾಕುವ ಕೆಲಸಕ್ಕೆ ಹೋದರು. ಇವರು ಒಂದು ಕಪಾಟನ್ನು ಇನ್ನಷ್ಟು ಸರಿಮಾಡಲು ಹೋದರೆ ಅವನು, "ಮುಚ್ಚುತ್ತಲ್ಲ, ಸಾಕು ಬಿಡಿ" ಎನ್ನುತ್ತಿದ್ದ. ಮನೆಗೆ ಬಂದು ಇವರು ನಮ್ಮ ಬಾಗಿಲುಗಳ ಮೇಲೆ ಕೈಯ ತುರಿಕೆ ತೀರಿಸಿಕೊಳ್ಳುತ್ತಿದ್ದರು. ನಮ್ಮ ಮನೆಯ ಬಾಗಿಲುಗಳು ಎಷ್ಟು ಸದ್ದಿಲ್ಲದವು ಎಂದರೆ, ಯಾರು ಬಂದರು ಯಾರು ಹೋದರು ತಿಳಿಯದೆ ನನ್ನ ನಾದಿನಿ ಎಷ್ಟೋ ಸಲ ಬೆಚ್ಚಿಬಿದ್ದಿದ್ದಾಳೆ. ಅವರ ಕೈ ಇನ್ನೊಂದು ಹತ್ತು ವರ್ಷ ನಡೆಯುತ್ತದೆ. ಆ ಹತ್ತು ವರ್ಷ ಕಪಾಟಿಗೆ ಹೋಗುತ್ತದೋ ಕಾರಿಗೆ ಹೋಗುತ್ತದೋ ಎಂಬುದೊಂದೇ ನನ್ನ ಚಿಂತೆಯಾಗಿತ್ತು.

ಹೀಗಿರುವಾಗ ಕೊಕ್ಕರೆ ಮತ್ತೆ ಮಾರಾಟವಾಯಿತು. ಈ ಸಲ ಕೊಂಡವರು ನೀರಿನ ಪಂಪು ಮಾಡುವ ಕಂಪನಿಯ ಒಡತಿ. ಒಂದು ಬೆಳಿಗ್ಗೆ ನಮ್ಮ ಯಜಮಾನರಿಗೆ ಅವರದೇ ಫೋನು ಬಂತು.

"ಶೆಡ್ಡಲ್ಲಿ ಒಂದು ಅರ್ಧ ಕಾರಿದೆಯಂತೆ. ಅದನ್ನ ಪೂರ್ತಿ ಮಾಡ್ಕೊಡ್ತೀರಾ?"

"ಮಾಡ್ಬಹುದು ಮೇಡಂ. ಆಮೇಲೆ?"

"ನೋಡ್ತೀನಿ. ನನಗೆ ಹಿಡಿಸಿದ್ರೆ ಶೆಡ್ ತೆರೆಯೋಣ, ನೀವೇ ಮಾಡಿ. ಇಲ್ಲಾಂದ್ರೆ ಹೆಸರು ಮಾತ್ರ ಇಟ್ಕೊಂಡು ಬೇರೆ ಕಡೆ ಯಂತ್ರದಲ್ಲಿ ಮಾಡಿಸ್ತೀನಿ. ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ಬೇಜಾರು ಬೇಡ."

ಫೋನಿಟ್ಟು ಇವರು ನನ್ನ ಮುಖ ನೋಡಿದರು. ನಾನು ಹೊಲಿಯುತ್ತಿದ್ದ ಸೋಫಾ ಕವರನ್ನು ಮಡಿಸಿ ಬದಿಗಿಟ್ಟೆ.

ಹಳಬರಲ್ಲಿ ಕೈಕಾಲು ಗಟ್ಟಿಯಿದ್ದವರು ಒಂದಷ್ಟು ಮಂದಿ ಬಂದರು. ಎಂಜಿನ್ ಮೇಸ್ತ್ರಿ ಬಂದರು. ಗೆರೆ ತಾತ ಬಂದರು. ಕಾರಿನ ಮೈಮೇಲೆ ಉದ್ದಕ್ಕೆ ಕೂದಲೆಳೆಯಷ್ಟು ಸಣ್ಣ ಬಂಗಾರದ ಗೆರೆ ಎಳೆಯುತ್ತಿದ್ದವರು ಅವರು, ಅದಕ್ಕೇ ಆ ಹೆಸರು. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಕುಂಚ ಎತ್ತುವ ಹಾಗಿಲ್ಲ. ಗೆರೆ ಎಳೆಯುವ ದಿನ ಅವರು ಚಹಾ ಕುಡಿಯುವುದಿಲ್ಲ, ಯಾರೊಡನೆಯೂ ಜಗಳವಾಡುವುದಿಲ್ಲ. ಮಿಕ್ಕ ದಿನ ಎರಡನ್ನೂ ಸೇರಿಸಿ ತೀರಿಸಿಕೊಳ್ಳುತ್ತಾರೆ.

ಮೂರು ತಿಂಗಳು ನಮಗೆ ಹಬ್ಬ. ಶೆಡ್ಡಿನ ಗಾಜು ಒರೆಸಿದೆವು. ಬೆಳಕು ಒಳಗೆ ಬಂತು. ಸುತ್ತಿಗೆ, ಉಪ್ಪುಕಾಗದ, ಅರದ ಸದ್ದು ಮತ್ತೆ ಕೇಳಿತು. ಸಿಕ್ಕ ಒಳ್ಳೆಯ ತೊಗಲನ್ನೆಲ್ಲ ನಾನು ಹಿಂದಿನ ಸೀಟಿಗೆ ಸುರಿದೆ. ಜೀವಮಾನದಲ್ಲಿ ಅಂಥ ಸೀಟು ಹೊಲಿದಿರಲಿಲ್ಲ. ಹೊಲಿಗೆ ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ನಾನೇ ಹುಡುಕಬೇಕಾಗುತ್ತಿತ್ತು. ಮುಂದಿನ ಸೀಟಿಗೆ ಎಂದಿನಂತೆ ಉಳಿದ ತುಂಡುಗಳು, ಬದಿಗೆ ರೆಕ್ಸಿನ್, ಒಳಗೆ ಒತ್ತಿ ತುಂಬಿದ ನಾರು. ಅದು ಡ್ರೈವರನ ಜಾಗ. ಅಲ್ಲಿ ಯಾರೂ ಮನಸ್ಸಿಟ್ಟು ನೋಡಿದ್ದೇ ಇಲ್ಲ.

ಕಾರು ಓಡುವ ಸ್ಥಿತಿಗೆ ಬಂದಾಗ ಒಂದು ತಮಾಷೆ ಗೊತ್ತಾಯಿತು. ನಮ್ಮಲ್ಲಿ ಯಾರಿಗೂ ಕಾರು ಓಡಿಸಲು ಬರುತ್ತಿರಲಿಲ್ಲ. ಹಿಂದೆ ಓಡಿಸಿ ನೋಡುವ ವಿಭಾಗವೇ ಬೇರೆ ಇತ್ತು, ಅವರೆಲ್ಲ ಎಂದೋ ಚದುರಿಹೋಗಿದ್ದರು. ಶೆಡ್ಡಿನೊಳಗೆ ನಾವು ಕಾರನ್ನು ಕೈಗವಸು ಹಾಕಿಕೊಂಡು ತಳ್ಳುತ್ತಿದ್ದವರು. ಎಂಜಿನ್ ಮೇಸ್ತ್ರಿಗೆ ಎಂಜಿನ್ ಹಾಡಿಸಲು ಬರುತ್ತದೆ, ಕಾರು ನಡೆಸಲು ಬರುವುದಿಲ್ಲ.

ಕೊನೆಗೆ ಇವರ ತಂಗಿಯನ್ನು, ಎಂದರೆ ನನ್ನ ನಾದಿನಿಯನ್ನು ಕರೆಸಿದೆವು. ಅವಳು ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಾಳೆ. ಆ ವ್ಯಾನಿನ ಬಾಗಿಲಿನ ಸದ್ದನ್ನು ಇವರು ಆಡಿಕೊಳ್ಳದ ದಿನವಿಲ್ಲ.

"ಬಂದೆಯಾ ತಗಡಿನ ರಾಣಿ" ಎಂದರು ಗೆರೆ ತಾತ.

"ಬಂದೆ ತಾತ. ಇಷ್ಟು ಜನ ಗಂಡಸರು ಕಾರು ಮಾಡಿ, ಅದನ್ನ ಕರುವಿನ ಥರ ತಳ್ತಾ ಇದೀರಲ್ಲ, ನೋಡೋಕೆ ಬಂದೆ."

ಅವಳು ಮುಂದಿನ ಸೀಟಿನಲ್ಲಿ ಕೂತವಳೇ ಮುಖ ಕಿವಿಚಿದಳು. "ಅತ್ತಿಗೆ, ಇದೇನು ಒಳಗೆ ಕಲ್ಲು ಇಟ್ಟಿದೀರಾ?"

"ಡ್ರೈವರಿಗೆ ನಿದ್ದೆ ಬರಬಾರದಲ್ಲಮ್ಮ" ಎಂದರು ತಾತ, ನಾನು ಬಾಯಿ ತೆರೆಯುವ ಮೊದಲೇ. ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಅಂಗಳದಲ್ಲಿ ಒಂದು ಸುತ್ತು ಹಾಕಿ ಇಳಿದು ಸೊಂಟ ನೀವಿಕೊಂಡಳು. ಮೇಡಂ ಬಂದ ದಿನ ಅವಳು ಓಡಿಸುವುದು, ಮೇಡಂ ಹಿಂದೆ ಕೂರುವುದು ಎಂದು ಗೊತ್ತುಮಾಡಿದೆವು. ಅವಳಿಗೆ ಒಂದು ಬಿಳಿ ಟೋಪಿಯನ್ನೂ ನಾನೇ ಹೊಲಿದುಕೊಟ್ಟೆ.

ಆ ದಿನ ಬೆಳಿಗ್ಗೆ ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿ ಗೇಟಿನ ಹತ್ತಿರ ಸಾಲಾಗಿ ನಿಂತಿದ್ದೆವು. ಒಂದು ಧೂಳು ಹಿಡಿದ ಕಾರು ಬಂದು ನಿಂತಿತು. ಚಾಲಕನ ಬದಿಯಿಂದ ಚಪ್ಪಟೆ ಚಪ್ಪಲಿ ಹಾಕಿದ, ಗಿಡ್ಡನೆಯ ಹೆಂಗಸೊಬ್ಬರು ಇಳಿದರು. ನಾವು ಅವರ ಹಿಂದೆ ಇನ್ನಾರಾದರೂ ಇಳಿಯುತ್ತಾರೇನೋ ಎಂದು ನೋಡುತ್ತಲೇ ಇದ್ದೆವು.

"ಇಷ್ಟೇ, ನಾನೊಬ್ಬಳೇ" ಎಂದರು ಮೇಡಂ. ಕಾರನ್ನು ಸುತ್ತಿ ಬಂದರು. ಗೆರೆಯ ಹತ್ತಿರ ಬಗ್ಗಿ, ಮುಟ್ಟದೆ, ಉದ್ದಕ್ಕೂ ಕಣ್ಣಾಡಿಸಿದರು. ಹಿಂದಿನ ಬಾಗಿಲನ್ನು ತೆರೆದು ಒಂದು ಬೆರಳಲ್ಲಿ ತಳ್ಳಿದರು. ದಿಂಬು ಬಿದ್ದಂತೆ ಮುಚ್ಚಿತು. ಇನ್ನೊಮ್ಮೆ ತೆರೆದು ಮುಚ್ಚಿದರು. ಮೂರನೆಯ ಸಲ ಮುಚ್ಚಿದಾಗ ಅವರ ಮುಖದಲ್ಲಿ ನಗು ಕಂಡಿತು. ನನ್ನ ಗಂಡ ಉಸಿರು ಬಿಟ್ಟದ್ದು ನನಗೆ ಕೇಳಿತು.

ನಾದಿನಿ ಟೋಪಿ ಸರಿಮಾಡಿಕೊಂಡು ಹಿಂದಿನ ಬಾಗಿಲು ತೆರೆದು ನಿಂತಳು. ಮೇಡಂ ಕೈ ಚಾಚಿದರು.

"ಕೀ ಕೊಡಿ."

"ನೀವು ಹಿಂದೆ ಕೂತ್ಕೊಳ್ಳಿ ಮೇಡಂ, ನಾನು ಓಡಿಸ್ತೀನಿ."

"ಹಿಂದೆ ಕೂತ್ರೆ ನನಗೆ ನಿದ್ದೆ ಬರುತ್ತೆ. ಕಾರು ತಗೊಳ್ಳೋದು ಓಡಿಸೋಕಲ್ವಾ?"

ಅವರು ಮುಂದೆ ಕೂತರು. ಸ್ಟೀರಿಂಗಿನ ಮೇಲೆ ಅವರ ಹಣೆ ಮಾತ್ರ ಕಾಣುತ್ತಿತ್ತು. ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದು ನಿಲ್ಲಿಸಿದರು. ಇಳಿಯುವಾಗ ಬಾಗಿಲ ಹಿಡಿ ಹಿಡಿದುಕೊಂಡು ಇಳಿದರು.

"ಎಂಜಿನ್ ಚಿನ್ನ. ಬಾಗಿಲು ಚಿನ್ನ. ಆದ್ರೆ ಇದೇನಿದು, ಹಿಂದೆ ಅರಮನೆ, ಮುಂದೆ ಬಸ್‌ಸ್ಟ್ಯಾಂಡಿನ ಬೆಂಚು?"

ಗೆರೆ ತಾತ, "ಹಿಂದೆ ಒಂದ್ಸಲ ಕೂತು ನೋಡಿ ಮೇಡಂ, ಆಮೇಲೆ ಹೇಳಿ" ಎಂದರು.

"ತಾತ, ಹಿಂದೆ ಕೂರೋರು ಈಗ ಎಷ್ಟು ಜನ ಇದಾರೆ? ನನ್ನ ಕಾರು ನಾನೇ ಓಡಿಸ್ತೀನಿ. ನನ್ನ ಅಕ್ಕ ಓಡಿಸ್ತಾಳೆ. ಈ ಕಾರು ತಗೊಳ್ಳೋ ಶಕ್ತಿ ಇರೋ ನನ್ನ ಪರಿಚಯದವರೆಲ್ಲ ತಾವೇ ಓಡಿಸ್ತಾರೆ. ಅವರ್ಯಾರೂ ಈ ಸೀಟಲ್ಲಿ ಊರಾಚೆ ತನಕ ಕೂರಲ್ಲ. ಇದನ್ನ ಮಾಡಿದವರು ಯಾರೂ ಒಂದು ದಿನ ಇಲ್ಲಿ ಕೂತೇ ಇಲ್ಲ ಅನ್ಸುತ್ತೆ."

ಅವರು ಬೈದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಗಿರಾಕಿಗಳ ರುಚಿ ಕೆಟ್ಟಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಅವರು ಹಿಂದಿನಿಂದ ಎದ್ದು ಮುಂದಕ್ಕೆ ಬಂದು ಕೂತಿದ್ದರು, ಅಷ್ಟೇ. ನಾವು ಖಾಲಿ ಜಾಗಕ್ಕೆ ಮೆತ್ತೆ ಹೊಲಿಯುತ್ತಲೇ ಇದ್ದೆವು. ಪಕ್ಕದಲ್ಲಿ ನಮ್ಮ ಯಜಮಾನರು ಕೈಕಟ್ಟಿ ನೆಲ ನೋಡುತ್ತಿದ್ದರು. ಮರುದಿನದಿಂದ ಮತ್ತೆ ಕಪಾಟು ಎಂದು ಅವರ ಭುಜವೇ ಹೇಳುತ್ತಿತ್ತು.

ನಾನು ಮುಂದೆ ಹೋದೆ. "ಮೇಡಂ, ಇವತ್ತು ಸಂಜೆ ತನಕ ಇರ್ತೀರಾ?"

"ಯಾಕೆ?"

"ಸೀಟು ಹೊಲಿದವಳು ನಾನು. ಬೆಳಕಿರೋವಾಗ್ಲೇ ಬೇರೆ ಮಾಡಿಕೊಡ್ತೀನಿ. ಆದ್ರೆ ನೀವು ಮರಳಲ್ಲಿ ಕೂರ್ಬೇಕು."

"ಎಲ್ಲಿ ಕೂರ್ಬೇಕು?"

ಹೇಳಿದರೆ ನಂಬುವ ಹಾಗಿರಲಿಲ್ಲ, ಕರೆದುಕೊಂಡು ಹೋಗಿ ತೋರಿಸಿದೆ. ತೊಟ್ಟಿಯಲ್ಲಿ ಮರಳು ಒಣಗಿ ಬೂದಿಯಾಗಿತ್ತು. ಎಂಜಿನ್ ಮೇಸ್ತ್ರಿ ಬಕೆಟ್ಟಿನಲ್ಲಿ ನೀರು ತಂದು ಸುರಿದರು. ಆದರೆ ಹಿಂದಿನ ಸೀಟಿನಲ್ಲಿ ಕೂರುವುದು ಬೇರೆ, ಓಡಿಸುವವರು ಕೂರುವುದು ಬೇರೆ. ಕಾಲು ಎಲ್ಲಿರುತ್ತದೆ, ಬೆನ್ನು ಎಷ್ಟು ನೆಟ್ಟಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾದಿನಿಯ ಕಡೆ ತಿರುಗಿದೆ.

"ನೀನು ಹೇಳಮ್ಮ, ಹೇಗೆ ಕೂರಿಸ್ಬೇಕು?"

"ಈಗ ಬಂತಾ ನನ್ನ ನೆನಪು" ಎಂದವಳೇ ಟೋಪಿ ತೆಗೆದು ಗೂಟಕ್ಕೆ ಹಾಕಿದಳು. ಇಟ್ಟಿಗೆ ಎರಡು ತಂದು ಪೆಡಲಿನ ದೂರಕ್ಕೆ ಇಟ್ಟಳು. ಗೋಣಿಗೆ ಹೊಟ್ಟು ತುಂಬಿ ಮರಳನ್ನು ಎತ್ತರಿಸಿದಳು. ಒಂದು ಹಳೆಯ ಸ್ಟೀರಿಂಗನ್ನು ಅಣ್ಣನ ಕೈಗೆ ಕೊಟ್ಟು, "ಇದನ್ನ ಹಿಡ್ಕೊಂಡು ಎದುರಿಗೆ ಕೂತ್ಕೋ. ಅಲ್ಲಾಡ್ಬೇಡ, ಕಂಬ ನೀನು" ಎಂದಳು. ಇವರು ಕಂಬವಾದರು.

ಮೇಡಂ ಚಪ್ಪಲಿ ಬಿಟ್ಟು ಮೇಣದ ಬಟ್ಟೆಯ ಮೇಲೆ ಕೂತರು. ಮೊದಲು ಗಂಭೀರವಾಗಿದ್ದರು. ಎದುರಿಗೆ ನನ್ನ ಗಂಡ ಸ್ಟೀರಿಂಗು ಹಿಡಿದು ಕಣ್ಣು ಮಿಟುಕಿಸದೆ ಕೂತದ್ದು ನೋಡಿ ಅವರಿಗೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ.

"ನಗ್ಬೇಡಿ ಮೇಡಂ, ಮರಳು ಕದಡುತ್ತೆ" ಎಂದೆ. ಅದಕ್ಕೆ ಇನ್ನೂ ನಕ್ಕರು. ಮರಳನ್ನು ಎರಡು ಸಲ ಸರಿಮಾಡಬೇಕಾಯಿತು. ಗೆರೆ ತಾತ ಬದಿಯಲ್ಲಿ ನಿಂತು, "ಪಂಪಿನ ಕಂಪನಿ ನಡೆಸೋರು ಒಂದು ಕ್ಷಣ ಸುಮ್ನೆ ಕೂರಕ್ಕಾಗಲ್ವಾ" ಎಂದು ಗೊಣಗುತ್ತಿದ್ದರು. ಮೂರನೆಯ ಸಲಕ್ಕೆ ಅಚ್ಚು ಚೆನ್ನಾಗಿ ಬಂತು. ಸೊಂಟದ ಹತ್ತಿರ ಮರಳು ಮುಟ್ಟಿಯೇ ಇರಲಿಲ್ಲ, ಅಲ್ಲಿ ಆಸರೆ ಬೇಕು ಎಂದು ನಾದಿನಿ ಬೆರಳಿಟ್ಟು ತೋರಿಸಿದಳು.

ಇನ್ನು ತೊಗಲು. ಒಂದು ಅಂಗೈ ಅಗಲದ್ದೂ ಉಳಿದಿರಲಿಲ್ಲ. ಇದ್ದ ಒಳ್ಳೆಯದೆಲ್ಲ ಹಿಂದಿನ ಸೀಟಿನಲ್ಲಿತ್ತು. ನಾನು ಕತ್ತಿ ತೆಗೆದುಕೊಂಡು ಕಾರಿನ ಹಿಂದಿನ ಬಾಗಿಲು ತೆರೆದೆ.

"ಲೇ, ಮೂರು ತಿಂಗಳ ಕೆಲಸ ಅದು. ಕೊಯ್ತೀಯಾ?" ಎಂದರು ಇವರು.

"ಕೊಯ್ದಾಯ್ತು" ಎಂದೆ. ನಿಜವಾಗಿ ಆಗಿತ್ತು. ಯೋಚಿಸುತ್ತ ನಿಂತಿದ್ದರೆ ಕೈ ಬರುತ್ತಿರಲಿಲ್ಲ.

ಹಿಂದಿನ ಸೀಟಿನ ನಡುಭಾಗವನ್ನು ಪೂರ್ತಿ ತೆಗೆದೆ. ಮೂವರು ಕೂರುವ ಕಡೆ ಇಬ್ಬರಿಗೆ ಜಾಗ ಉಳಿಯಿತು. ಆ ತೊಗಲು, ಆ ಉಣ್ಣೆ, ಆ ಸ್ಪ್ರಿಂಗು ಎಲ್ಲ ಮುಂದಕ್ಕೆ ಬಂದವು. ಮೇಡಂ ಬಟ್ಟೆಯ ತೋಳು ಮೇಲೇರಿಸಿ, ನಾನು ಕಟ್ಟುವಾಗ ಸ್ಪ್ರಿಂಗು ಒತ್ತಿ ಹಿಡಿದರು. ಒಂದು ಸ್ಪ್ರಿಂಗು ಜಾರಿ ಹಾರಿ ಗೆರೆ ತಾತನ ಚಹಾದ ಲೋಟಕ್ಕೆ ಬಿತ್ತು. ತಾತ ಅದನ್ನು ಎತ್ತಿ ಒರೆಸಿ ಕೊಟ್ಟು, ಚಹಾ ಕುಡಿದರು. ಮಧ್ಯಾಹ್ನ ಎಲ್ಲರೂ ಬ್ರೆಡ್ಡು, ಬಾಳೆಹಣ್ಣು ತಿಂದೆವು. ಕೂತು ತಿನ್ನಲು ಯಾರಿಗೂ ಹೊತ್ತಿರಲಿಲ್ಲ.

ಬಿಸಿಲು ಇಳಿಯುವ ಮೊದಲೇ ಸೀಟು ಕೂರಿಸಿದೆವು. ಹೊಲಿಗೆ ಅಲ್ಲಲ್ಲಿ ಕಾಣುತ್ತಿತ್ತು, ನನಗೆ ನಾಚಿಕೆಯಾಯಿತು. ಮೇಡಂ ಕೂತು, ಹಿಂದಕ್ಕೆ ಒರಗಿ, ಕೈ ಚಾಚಿ ಸ್ಟೀರಿಂಗು ಹಿಡಿದರು. ಈಗ ಅವರ ಇಡೀ ಮುಖ ಕಾಣುತ್ತಿತ್ತು. ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಹತ್ತು ನಿಮಿಷ" ಎಂದು ಗೇಟಿನಾಚೆ ಹೋದರು.

ಹತ್ತು ನಿಮಿಷ ಆಯಿತು. ಅರ್ಧ ಗಂಟೆ ಆಯಿತು. ಎಂಜಿನ್ ಮೇಸ್ತ್ರಿ ಗೇಟಿನಿಂದ ಶೆಡ್ಡಿಗೆ, ಶೆಡ್ಡಿನಿಂದ ಗೇಟಿಗೆ ಓಡಾಡಿದರು. "ಎಂಜಿನ್ ಕೈಕೊಟ್ಟಿರುತ್ತೆ" ಎಂದು ತಾತ ಅವರ ಹೊಟ್ಟೆ ಉರಿಸಿದರು. "ಗೆರೆ ನೋಡೋಕೆ ಜನ ಅಡ್ಡ ನಿಂತಿರ್ತಾರೆ" ಎಂದು ಮೇಸ್ತ್ರಿ ತಾತನ ಕಾಲೆಳೆದರು. ನನ್ನ ಗಂಡ ಶೆಡ್ಡಿನ ಚಿಕ್ಕ ಬಾಗಿಲನ್ನು ಸುಮ್ಮನೆ ತೆರೆದು ಮುಚ್ಚುತ್ತಿದ್ದರು.

ಒಂದೂವರೆ ಗಂಟೆಯಾದ ಮೇಲೆ ಕಾರು ಬಂತು. ಮೊದಲು ಇಳಿದವಳು ನಾದಿನಿ.

"ಹೊಳೆ ದಾಟಿ ಗುಡ್ಡದ ತನಕ ಹೋಗಿದ್ವಿ ಅತ್ತಿಗೆ. ಬರ್ತಾ ನನಗೆ ಒಂದ್ಸಲ ಕೊಡಿ, ಒಂದ್ಸಲ ಕೊಡಿ ಅಂತ ಕೇಳಿ ಕೇಳಿ ಸಾಕಾಯ್ತು. ಇವರು ಸ್ಟೀರಿಂಗ್ ಬಿಟ್ರೆ ತಾನೆ."

ಮೇಡಂ ಈ ಸಲ ಹಿಡಿ ಹಿಡಿಯದೆ ಇಳಿದರು. ಬಾಗಿಲನ್ನು ಒಂದು ಬೆರಳಲ್ಲಿ ಮುಚ್ಚಿ, ಕೀಲಿಯನ್ನು ನಮ್ಮ ಯಜಮಾನರ ಕೈಯಲ್ಲಿಟ್ಟರು.

"ಶೆಡ್ ತೆರೆಯೋಣ" ಎಂದರು. "ಆದ್ರೆ ಒಂದು ಷರತ್ತು. ಇಲ್ಲಿ ಕೆಲಸ ಮಾಡೋ ಪ್ರತಿಯೊಬ್ಬರೂ ಕಾರು ಓಡಿಸೋದು ಕಲೀಬೇಕು."

"ನಾನೂನಾ?" ಎಂದರು ಗೆರೆ ತಾತ.

"ನೀವೇ ಮೊದಲು."

ಕಲಿಸುವ ಕೆಲಸ ನಾದಿನಿಗೆ ಬಂತು. ಮಕ್ಕಳನ್ನು ಮನೆಗೆ ಬಿಟ್ಟು, ಸಂಜೆ ಅದೇ ವ್ಯಾನು ತಂದು ಅಂಗಳದಲ್ಲಿ ಒಬ್ಬೊಬ್ಬರನ್ನೇ ಕೂರಿಸುತ್ತಿದ್ದಳು. ಅಣ್ಣನನ್ನು ಬೈಯಲು ಜೀವಮಾನದಲ್ಲಿ ಸಿಕ್ಕ ಮೊದಲ ಅವಕಾಶವನ್ನು ಅವಳು ಹಾಳುಮಾಡಲಿಲ್ಲ. ಇವರು ಎರಡು ಸಲ ಗೋಡೆ ಸವರಿದರು. ತಾತ ಮಾತ್ರ ಕುಂಚ ಎಳೆದ ಹಾಗೆ ನೆಟ್ಟಗೆ ಓಡಿಸಿದರು, ಆದರೆ ನಿಲ್ಲಿಸಲೂ ಬೇಕು ಎಂಬುದನ್ನು ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ. ನಾನೂ ಕಲಿತೆ. ಮೊದಲ ವಾರವೇ ಪೆಡಲಿನಿಂದ ಮೊಣಕಾಲಿಗೆ ಏನಾಗುತ್ತದೆಂದು ತಿಳಿಯಿತು. ಈಗ ಸೀಟಿನ ಮುಂದಿನ ಅಂಚನ್ನು ಬೇರೆ ರೀತಿ ಕಟ್ಟುತ್ತೇನೆ.

ಹಿಂದೆ ವರ್ಷಕ್ಕೆ ನೂರು ಕಾರು ಹೋಗುತ್ತಿದ್ದ ಗೇಟಿನಿಂದ ಈಗ ಒಂಬತ್ತೋ ಹತ್ತೋ ಹೋಗುತ್ತವೆ. ನನ್ನ ಜೀವಮಾನದ ಅತಿ ಒಳ್ಳೆಯ ಸೀಟು ಹೋಯಿತು, ಅಂಥದ್ದು ಮತ್ತೆ ನನ್ನ ಕೈಯಿಂದ ಬಂದಿಲ್ಲ. ಗಿರಾಕಿ ತುಂಬಿದ್ದ ನನ್ನ ಸೋಫಾ ಅಂಗಡಿ ಮುಚ್ಚಿತು. ಶೆಡ್ಡು ತೆರೆಯಿತು, ಹದಿನಾಲ್ಕು ಮಂದಿಗೆ ಕೆಲಸ ಸಿಕ್ಕಿತು. ನನ್ನ ಗಂಡ ಕಪಾಟಿನ ಕೆಲಸ ಬಿಟ್ಟು ಕಾರಿನ ಬಾಗಿಲಿಗೆ ವಾಪಸು ಬಂದರು, ಒಂದು ಬಾಗಿಲಿಗೆ ಮೂರು ದಿನ ತೆಗೆದುಕೊಳ್ಳುತ್ತಾರೆ, ಯಾರೂ ಸಾಕು ಬಿಡಿ ಎನ್ನುವುದಿಲ್ಲ.